ಪಂಚನಾಮೆಗೆ ಸಹಿ ಹಾಕಿದ ದಿನ

ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಫಾರೆಸ್ಟ್ ಗಾರ್ಡ್ ಫೋನ್ ಮಾಡಿದ. "ಅಕ್ಕಾ, ನಿಮ್ಮ ಕೆಳಗಿನ ತೋಟದ ಗಡಿಯಲ್ಲಿ ಚಿರತೆ ಉರುಳಿಗೆ ಬಿದ್ದಿದೆ. ಆಳುಗಳಿಗೆ ಲೈನ್ ಮನೆ ಬಿಟ್ಟು ಹೊರಗೆ ಬರಬೇಡಿ ಅಂತ ಹೇಳಿ. ಯಾರೂ ಆ ಕಡೆ ಹೋಗೋದು ಬೇಡ." ದನಿಯಲ್ಲಿ ನಡುಕ ಇತ್ತು. ಅವನಿನ್ನೂ ಚಿಕ್ಕ ಹುಡುಗ, ನಮ್ಮ ಮೂಡಿಗೆರೆ ಕಡೆಗೆ ಹೊಸದಾಗಿ ಪೋಸ್ಟಿಂಗ್ ಆಗಿ ಬಂದಿದ್ದ.

ನಾನು ಹೋಗುವಷ್ಟರಲ್ಲಿ ರಸ್ತೆ ತುಂಬ ಬೈಕುಗಳು. ಮೊಬೈಲ್ ಎತ್ತಿ ಹಿಡಿದವರು, ಮರ ಹತ್ತಿದವರು, ಕೂಗುವವರು. ಕೂಗಿದಾಗಲೆಲ್ಲ ಆ ಪ್ರಾಣಿ ಎಗರುತ್ತಿತ್ತು. ಎಗರಿದಷ್ಟೂ ತಂತಿ ಬಿಗಿಯಾಗುತ್ತಿತ್ತು. ಬೈಕಿನ ಕ್ಲಚ್ ವೈರ್. ಒಂದು ತುದಿ ಸಿಲ್ವರ್ ಮರದ ಬುಡಕ್ಕೆ ಕಟ್ಟಿತ್ತು, ಇನ್ನೊಂದು ತುದಿ ಚಿರತೆಯ ಸೊಂಟದ ಸುತ್ತ. ಎಳೆ ಪ್ರಾಯದ ಹೆಣ್ಣು. ದೂರದಿಂದ ನೋಡಿದರೆ ತಂತಿ ಕಾಣುತ್ತಲೇ ಇರಲಿಲ್ಲ. ಸುಮ್ನೆ ಒಂದೇ ಜಾಗದಲ್ಲಿ ಹೊರಳಾಡುತ್ತಿದೆ ಅನ್ನಿಸುತ್ತಿತ್ತು.

ಅರಿವಳಿಕೆ ಕೊಡುವ ಡಾಕ್ಟರು ಶಿವಮೊಗ್ಗದಿಂದ ಬರಬೇಕಾಗಿತ್ತು. ಘಾಟಿ ರಸ್ತೆ, ಮಳೆ ಬೇರೆ. ಅಲ್ಲಿಯವರೆಗೆ ಜನರನ್ನು ತಡೆಯುವುದೇ ದೊಡ್ಡ ಕೆಲಸ. ಇಬ್ಬರು ಗಾರ್ಡುಗಳು, ಮೂವರು ವಾಚರುಗಳು, ಒಬ್ಬರು ಡೆಪ್ಯೂಟಿ ರೇಂಜರ್. ಇಷ್ಟೇ ಜನ. ಅವರು ಕೈ ಮುಗಿದು ಕೇಳಿಕೊಳ್ಳುತ್ತಿದ್ದರು, ಬೈಯುತ್ತಿದ್ದರು, ಮತ್ತೆ ಕೈ ಮುಗಿಯುತ್ತಿದ್ದರು.

ಆ ಬೇಲಿ ಯಾರದು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಪಕ್ಕದ ತೋಟದವರು. ನಾನು ಚಿಕ್ಕಂದಿನಿಂದ ಮಾವ ಅಂತಲೇ ಕರೆಯುವವರು. ಅವರೂ ಅಲ್ಲೇ ನಿಂತಿದ್ದರು. ಡೆಪ್ಯೂಟಿ ರೇಂಜರ್ ಹತ್ತಿರ ಹೋಗಿ ಸ್ವಲ್ಪ ಗಟ್ಟಿಯಾಗಿಯೇ ಕೇಳಿದರು: "ಯಾರೋ ಹಂದಿಗೆ ಅಂತ ಇಟ್ಟಿರ್ತಾರೆ ಸಾರ್. ಚಿರತೆ ಬಂದು ಬಿದ್ದರೆ ಅದಕ್ಕೆ ಯಾರು ಏನು ಮಾಡೋದು? ಇದನ್ನೂ ಬೇಟೆ ಅಂತೀರಾ?"

ಆ ಅಧಿಕಾರಿ ಸಿಟ್ಟಾಗಲಿಲ್ಲ. ಜೀಪಿನಿಂದ ಒಂದು ಹಳೇ ಪುಸ್ತಕ ತಂದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಎರಡನೇ ಸೆಕ್ಷನ್ ತೆಗೆದು ಓದಿ ಹೇಳಿದರು. ಕೊಲ್ಲುವುದು, ವಿಷ ಹಾಕುವುದು ಮಾತ್ರ ಬೇಟೆಯಲ್ಲ. ಹಿಡಿಯುವುದು, ಅಟ್ಟಿಸಿಕೊಂಡು ಹೋಗುವುದು, ಉರುಳು ಹಾಕುವುದು, ಬೋನಿಗೆ ಬೀಳಿಸುವುದು, ಆಮಿಷ ಇಡುವುದು, ಗಾಯ ಮಾಡುವುದು ಎಲ್ಲವೂ ಬೇಟೆ. ಹಕ್ಕಿಯ ಮೊಟ್ಟೆ, ಗೂಡು ಹಾಳು ಮಾಡಿದರೂ ಬೇಟೆ. ಕೊಲ್ಲುವ, ಹಿಡಿಯುವ ಪ್ರಯತ್ನವೂ ಬೇಟೆಯೇ. "ಉರುಳಿಗೆ ಏನೂ ಬೀಳದೇ ಇದ್ದರೂ ಕೇಸು ಆಗುತ್ತೆ ಸ್ವಾಮಿ. ಹಂದಿಗೆ ಇಟ್ಟಿದ್ದರೂ ಆಗುತ್ತೆ, ಅದೂ ಕಾಯ್ದೆ ರಕ್ಷಿಸುವ ಪ್ರಾಣಿಗಳ ಪಟ್ಟಿಯಲ್ಲಿದೆ, ಶೆಡ್ಯೂಲ್ ಎರಡರಲ್ಲಿ."

ಮಾವ ಮಾತಾಡಲಿಲ್ಲ. ನನಗೂ ಅದು ಹೊಸ ವಿಷಯ. ಇಷ್ಟು ವರ್ಷ ತೋಟದಲ್ಲಿದ್ದು, ಬೇಟೆ ಅಂದರೆ ಕೋವಿ ಎಂದೇ ನನ್ನ ತಲೆಯಲ್ಲಿತ್ತು. ನಮ್ಮ ಕಡೆ ಬಹಳ ಜನರ ತಲೆಯಲ್ಲಿ ಹಾಗೇ ಇದೆ.

ಡಾಕ್ಟರು ಬಂದರು, ಡಾರ್ಟ್ ಹೊಡೆದರು, ಮೈಮರೆತ ಮೇಲೆ ತಂತಿ ಕತ್ತರಿಸಿದರು. ಆದರೆ ತಂತಿ ರಾತ್ರಿಯಿಡೀ ಸೊಂಟವನ್ನು ಹಿಸುಕಿತ್ತು. ಹೊರಗೆ ಕಾಣುವ ಗಾಯ ಅಷ್ಟೇನೂ ದೊಡ್ಡದಲ್ಲ, ಒಳಗಿನದು ದೊಡ್ಡದು ಎಂದರು. ಬಲೆಯ ಮೇಲೆ ಮಲಗಿಸಿ ನೀರು ಹಾಕಿದರು, ಡ್ರಿಪ್ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಅದು ಸತ್ತುಹೋಯಿತು.

ಆಮೇಲೆ ಶುರುವಾಯಿತು ಕಾಗದದ ಕೆಲಸ. ಮಹಜರಿಗೆ, ಅಂದರೆ ಸ್ಥಳದಲ್ಲಿ ಕಂಡದ್ದನ್ನು ಬರೆದಿಡುವ ಪಂಚನಾಮೆಗೆ, ಊರಿನವರೇ ಇಬ್ಬರು ಪಂಚರು ಸಾಕ್ಷಿಯಾಗಿ ಬೇಕು. ಬೆಳಿಗ್ಗೆಯಿಂದ ಜಾತ್ರೆಯ ಹಾಗೆ ಸೇರಿದ್ದ ಜನ ಈಗ ಕರಗತೊಡಗಿದರು. ಒಬ್ಬರಿಗೆ ಹಾಲು ಕರೆಯಬೇಕಿತ್ತು. ಇನ್ನೊಬ್ಬರಿಗೆ ಪೇಟೆಗೆ ಹೋಗಬೇಕಿತ್ತು. ನೇರವಾಗಿ ಹೇಳಿದವರೂ ಇದ್ದರು: "ಕೋರ್ಟು ಕಚೇರಿ ಅಲೆಯೋರು ಯಾರು ಸಾರ್?" ನಮ್ಮ ಭಾವ ನನ್ನನ್ನು ಪಕ್ಕಕ್ಕೆ ಕರೆದು, "ನೀನು ಸುಮ್ನಿರು. ನಾಳೆ ಬೆಳಗಾದರೆ ಅದೇ ಮಾವನ ಮುಖ ನೋಡಬೇಕು" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಮಾವನ ಮನೆಯ ಮದುವೆಗೆ ನಾವು ಹೋಗಬೇಕು, ನಮ್ಮ ಮನೆಯ ಸಾವಿಗೆ ಅವರು ಬರಬೇಕು. ಊರು ಅಂದರೆ ಅದೇ.

ಆದರೂ ನಾನು ಬರುತ್ತೇನೆ ಎಂದೆ. ಆ ಪ್ರಾಣಿಯನ್ನು ಬೆಳಿಗ್ಗೆಯಿಂದ ನೋಡಿದ್ದೆ. ನೋಡಿದ್ದನ್ನು ನೋಡಿದೆ ಎಂದು ಬರೆದು ಸಹಿ ಹಾಕುವುದಕ್ಕೂ ಹಿಂಜರಿದರೆ ಹೇಗೆ? ನಮ್ಮ ಟ್ರ್ಯಾಕ್ಟರ್ ಓಡಿಸುವ ಹುಡುಗ ತಾನಾಗಿ ಮುಂದೆ ಬಂದ. "ನಾನೂ ಹಾಕ್ತೀನಿ ಅಕ್ಕ." ಅವನಿಗೆ ಸ್ವಂತ ಜಮೀನಿಲ್ಲ. ದಿನಗೂಲಿಗೆ ಈ ತೋಟ ಆ ತೋಟ ಎಂದು ಹೋಗಬೇಕಾದವನು. ಕಳೆದುಕೊಳ್ಳುವುದು ನನಗಿಂತ ಅವನಿಗೇ ಜಾಸ್ತಿ ಇತ್ತು.

ಮಹಜರು ಅಂದರೆ ಏನೋ ಒಂದು ಪುಟ ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಹಾಗಲ್ಲ. ತಂತಿಯ ಉದ್ದ ಅಳೆದರು. ಮರದಿಂದ ಬೇಲಿಗೆ, ಬೇಲಿಯಿಂದ ರಸ್ತೆಗೆ ಎಷ್ಟು ದೂರ ಎಂದು ಅಳೆದರು. ಫೋಟೊ ತೆಗೆದರು. ತಂತಿಯನ್ನು ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಅರಗು ಹಾಕಿ, ನಮ್ಮ ಸಹಿ ಇರುವ ಚೀಟಿ ಅಂಟಿಸಿದರು. ಬೇಲಿಯ ಉದ್ದಕ್ಕೂ ಹುಡುಕಿದಾಗ ಅಂಥದೇ ಉರುಳುಗಳು ಇನ್ನೂ ಸಿಕ್ಕವು. ಪಕ್ಕದ ತೋಟದ ಶೆಡ್ಡಿನಲ್ಲಿ ಅದೇ ಬಗೆಯ ವೈರಿನ ಸುರುಳಿ ಸಿಕ್ಕಿತು. ಅದೂ ಪಟ್ಟಿಗೆ ಸೇರಿತು.

ಪೋಸ್ಟ್‌ಮಾರ್ಟಂ ಮುಗಿದ ಮೇಲೆ ನಮ್ಮಿಬ್ಬರನ್ನು ಹತ್ತಿರ ಕರೆದರು. ಡಾಕ್ಟರು ಒಂದೊಂದೇ ಪಾದ ಎತ್ತಿ ತೋರಿಸಿದರು. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು. ಒಟ್ಟು 18 ಉಗುರು. ಕೋರೆಹಲ್ಲು ನಾಲ್ಕು. ಮೀಸೆ ಇದೆ. ಚರ್ಮ ಪೂರ್ತಿ ಇದೆ. "ಎಣಿಸಿದಿರಾ ಮೇಡಂ? ನೀವೇ ಎಣಿಸಿ" ಎಂದರು. ಎಣಿಸಿದೆ. ಎಲ್ಲವನ್ನೂ ಬರೆದರು. ಆಮೇಲೆ ಸೌದೆ ಒಟ್ಟಿ ಇಡೀ ದೇಹವನ್ನು ನಮ್ಮ ಕಣ್ಣೆದುರೇ ಸುಟ್ಟರು. ಒಂದು ಉಗುರೂ ಹೊರಗೆ ಹೋಗಬಾರದು ಎನ್ನುವುದಕ್ಕೆ ಇಷ್ಟೆಲ್ಲ. ಬೇಟೆಯಾದ, ಸತ್ತು ಸಿಕ್ಕ ಕಾಡುಪ್ರಾಣಿ ಸರ್ಕಾರದ ಸ್ವತ್ತು ಎಂದು ಕಾಯ್ದೆಯ 39ನೇ ಸೆಕ್ಷನ್ ಹೇಳುತ್ತದೆಯಂತೆ. ಹುಲಿ ಉಗುರು, ಚಿರತೆ ಉಗುರು ಎಂದು ಲಾಕೆಟ್ ಮಾಡಿಸಿಕೊಳ್ಳುವ ಆಸೆ ಇನ್ನೂ ಸತ್ತಿಲ್ಲವಲ್ಲ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಆ ಪುಸ್ತಕದ ಸಾಲುಗಳನ್ನು ಯಾರು ಬರೆದರು, ಯಾವಾಗ ಬರೆದರು ಎಂದು ತಿಳಿಯಬೇಕೆನ್ನಿಸಿತು. ಮುಂದಿನ ಕೆಲವು ವಾರ ಬಿಡುವಾದಾಗಲೆಲ್ಲ ಅದನ್ನೇ ಓದಿದೆ.

ಓದಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಇದು. ನಮ್ಮ ಸಂಸತ್ತಿಗೆ ಆ ಕಾಲದಲ್ಲಿ ಬೇಟೆ ತಡೆಯುವ ಕಾನೂನನ್ನು ತಾನಾಗಿ ಮಾಡುವ ಅಧಿಕಾರವೇ ಇರಲಿಲ್ಲ. ಕಾಡುಪ್ರಾಣಿ, ಹಕ್ಕಿಗಳ ರಕ್ಷಣೆ ರಾಜ್ಯಗಳ ಪಟ್ಟಿಯಲ್ಲಿತ್ತು. ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಸಂವಿಧಾನದ 252ನೇ ವಿಧಿಯಲ್ಲಿ ಒಂದು ದಾರಿ ಇತ್ತು: ಎರಡೋ ಹೆಚ್ಚೋ ರಾಜ್ಯಗಳು ನಿರ್ಣಯ ಮಾಡಿ ಕೇಳಿಕೊಂಡರೆ ಸಂಸತ್ತು ಕಾನೂನು ಮಾಡಬಹುದು. ಹಾಗೆ 11 ರಾಜ್ಯಗಳು ಕೇಳಿಕೊಂಡವು. ಅವುಗಳ ಹೆಸರು ಕಾಯ್ದೆಯ ಪೀಠಿಕೆಯಲ್ಲೇ ಇದೆ. ರಾಜಸ್ಥಾನ, ಗುಜರಾತ್, ಮಧ್ಯಪ್ರದೇಶ, ಪಶ್ಚಿಮ ಬಂಗಾಳ, ಮಣಿಪುರ... ಮೈಸೂರು ಮಾತ್ರ ಎಷ್ಟು ಹುಡುಕಿದರೂ ಇಲ್ಲ. ನಾವು ಆಮೇಲೆ ಸೇರಿಕೊಂಡವರು. 1952ರಲ್ಲಿ ಕೇಂದ್ರ ಸರ್ಕಾರ ವನ್ಯಜೀವಿ ಮಂಡಳಿ ಮಾಡಿದಾಗ ಅದರ ಮೊದಲ ಅಧ್ಯಕ್ಷರು ನಮ್ಮ ಜಯಚಾಮರಾಜ ಒಡೆಯರ್. ಅಂಥ ರಾಜ್ಯದ ಹೆಸರು ಆ ಮೊದಲ ಪಟ್ಟಿಯಲ್ಲಿ ಇಲ್ಲ ಎನ್ನುವುದು ನನಗೆ ನಿಜವಾಗಿ ಬೇಸರ ತಂದಿತು.

1972ರ ಸೆಪ್ಟೆಂಬರ್ 9ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಾಗಂತ ಬೇಟೆ ಅಂದೇ ನಿಲ್ಲಲಿಲ್ಲ. ಮೊದಲ ಶೆಡ್ಯೂಲಿನ ಪ್ರಾಣಿಗಳನ್ನು ಮುಟ್ಟುವ ಹಾಗಿರಲಿಲ್ಲ, ಸರಿ. ಉಳಿದವಕ್ಕೆ ಲೈಸೆನ್ಸ್ ಕೊಡುತ್ತಿದ್ದರು. ದೊಡ್ಡ ಬೇಟೆಗೆ ಒಂದು, ಸಣ್ಣ ಬೇಟೆಗೆ ಇನ್ನೊಂದು. ಬಲೆ, ಬೋನಿಟ್ಟು ಹಿಡಿಯುವುದಕ್ಕೂ ಲೈಸೆನ್ಸ್ ಇತ್ತು. ಅದನ್ನು ಸಂಸತ್ತು ಕಿತ್ತುಹಾಕಿದ್ದು 1991ರ ತಿದ್ದುಪಡಿಯಲ್ಲಿ. ನನ್ನ ಮಟ್ಟಿಗೆ ಈ ಕಾಯ್ದೆಯ ಇತಿಹಾಸದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ಹಳೇ ಸಂಸ್ಥಾನದ ಕಾಲದಲ್ಲಿ ಹುಲಿ, ಚಿರತೆ ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. ಅಲ್ಲಿಂದ ಇಲ್ಲಿಗೆ ಬರುವುದು ಸಣ್ಣ ಮಾತಲ್ಲ.

ಅದೇ 1991ರಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಅದುವರೆಗೆ ಇಂಥ ಕೇಸನ್ನು ಕೋರ್ಟಿಗೆ ಒಯ್ಯುವ ಅಧಿಕಾರ ಸರ್ಕಾರಿ ಅಧಿಕಾರಿಗಳಿಗೆ ಮಾತ್ರ ಇತ್ತು. ಆಮೇಲೆ 60 ದಿನಗಳ ನೋಟಿಸ್ ಕೊಟ್ಟು ಯಾರು ಬೇಕಾದರೂ ದೂರು ದಾಖಲಿಸಬಹುದು ಎಂದಾಯಿತು. ಅಂದರೆ ಸಂಸತ್ತು ನಮ್ಮ ನಿಮ್ಮಂಥವರ ಮೇಲೂ ನಂಬಿಕೆ ಇಟ್ಟಿತು. ಆ ಭಾಗ ಓದುವಾಗ ಆ ಸಂಜೆ ಹಾಲು ಕರೆಯಲು ಹೋದವರೆಲ್ಲ ನೆನಪಾದರು.

ರಾಜಸ್ಥಾನದ ಸರಿಸ್ಕದಲ್ಲಿ ಹುಲಿಗಳು ಒಂದೂ ಉಳಿಯದೆ ಹೋದ ಮೇಲೆ 2006ರಲ್ಲಿ ಮತ್ತೆ ತಿದ್ದುಪಡಿ ಬಂತು. ಹುಲಿ ಸಂರಕ್ಷಣಾ ಪ್ರಾಧಿಕಾರ, ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊ ಹುಟ್ಟಿದ್ದು ಆಗ. 2021ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು. ಅದರ ಅಧ್ಯಕ್ಷರು ಚಿಕ್ಕಮಗಳೂರಿನಲ್ಲಿ ಹುಟ್ಟಿದ, ನಮ್ಮ ರಾಜ್ಯದಿಂದ ರಾಜ್ಯಸಭೆಗೆ ಹೋದ ಜೈರಾಮ್ ರಮೇಶ್. 2022ರ ಆಗಸ್ಟಿನಲ್ಲಿ ಲೋಕಸಭೆ, ಡಿಸೆಂಬರಿನಲ್ಲಿ ರಾಜ್ಯಸಭೆ ಒಪ್ಪಿದವು. ಆರು ಶೆಡ್ಯೂಲ್ ನಾಲ್ಕಾದವು. 2023ರ ಏಪ್ರಿಲ್ 1ರಿಂದ ಜಾರಿ. ಶೆಡ್ಯೂಲ್ ಒಂದರ ಪ್ರಾಣಿಯನ್ನು ಬೇಟೆಯಾಡಿದರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಮೊದಲು ಆ ದಂಡ 10,000 ಇತ್ತು.

ದಂಡ ಏರಿಸಿದ್ದು ತಪ್ಪೇನಲ್ಲ. ಆದರೆ ನಮ್ಮ ಬೇಲಿಯ ಹತ್ತಿರ ಅಂದು ಕೊರತೆ ಇದ್ದದ್ದು ಶಿಕ್ಷೆಯದಲ್ಲ. ಸಹಿ ಹಾಕುವ ಕೈಯದು. ಟ್ರ್ಯಾಕ್ಟರ್ ಹುಡುಗ ಕೋರ್ಟಿಗೆ ಬಂದ ದಿನ ಅವನ ಕೂಲಿ ಹೋಗುತ್ತದೆ. ಮಾವನ ತೋಟದ ಕೆಲಸವಂತೂ ಅವನಿಗೆ ಮತ್ತೆ ಸಿಗಲಿಲ್ಲ. ಸಂಸದರು ಇನ್ನೊಮ್ಮೆ ಈ ಕಾಯ್ದೆ ಕೈಗೆತ್ತಿಕೊಂಡಾಗ ಇಂಥವರ ಬಗ್ಗೆ ಒಂದು ಸೆಕ್ಷನ್ ಬರೆಯಲಿ. ನನ್ನ ಊರಿನಿಂದ ನಾನು ಕೇಳುವುದು ಇದೊಂದೇ.

ಮಾವನ ವಿಷಯವನ್ನೂ ಹೇಳಬೇಕು. ಅವರು ಕೆಟ್ಟವರಲ್ಲ. ಹಂದಿಗಳು ಅವರ ಗದ್ದೆಯನ್ನು ಒಂದೇ ರಾತ್ರಿಯಲ್ಲಿ ಉತ್ತು ಹಾಕಿದ್ದನ್ನು ನಾನೇ ಕಂಡಿದ್ದೇನೆ. ಪರಿಹಾರಕ್ಕೆ ಅರ್ಜಿ ಹಾಕಿ ಕಾದು ಬೇಸತ್ತಿದ್ದರು. ಆದರೆ ಕಾಯ್ದೆ ರೈತನನ್ನು ಮರೆತಿಲ್ಲ. ಶೆಡ್ಯೂಲ್ ಎರಡರ ಪ್ರಾಣಿಯಿಂದ ಬೆಳೆಗೆ ಅಪಾಯ ಎಂದಾದರೆ 11ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಅನುಮತಿ ಕೊಡಬಹುದು. ಅದು ನಿಧಾನದ ದಾರಿ, ಒಪ್ಪುತ್ತೇನೆ. ಆದರೆ ಆ ದಾರಿಯಲ್ಲಿ ಯಾವ ಪ್ರಾಣಿ ಎಂದು ನೋಡುವ ಒಬ್ಬ ಮನುಷ್ಯ ಇರುತ್ತಾನೆ. ತಂತಿ ನೋಡುವುದಿಲ್ಲ. ಹಂದಿ ಬಂದರೂ, ಚಿರತೆ ಬಂದರೂ, ಕಾಡುಕುರಿ ಬಂದರೂ, ನಮ್ಮ ಮನೆಯ ನಾಯಿ ಬಂದರೂ ಅದಕ್ಕೆ ಒಂದೇ.

ಸಾಕ್ಷಿ ಸಮನ್ಸ್ ಬಂದದ್ದು ಒಂದು ವರ್ಷದ ಮೇಲೆ. ನಾನೂ ಹುಡುಗನೂ ಒಟ್ಟಿಗೆ ಹೋದೆವು. ಮಾವ ಕೋರ್ಟಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರು. "ಬಂದೆಯೇನಮ್ಮ" ಎಂದರು. "ಬಂದೆ ಮಾವ" ಎಂದೆ. ಅದಕ್ಕಿಂತ ಹೆಚ್ಚು ಮಾತು ಇಬ್ಬರಿಗೂ ಬರಲಿಲ್ಲ.

ಅವರ ಪರ ವಕೀಲರು ಕೇಳಿದರು: "ಆರೋಪಿ ಉರುಳು ಕಟ್ಟಿದ್ದನ್ನು ನೀವು ಕಣ್ಣಾರೆ ನೋಡಿದ್ದೀರಾ?"

"ಇಲ್ಲ. ಉರುಳು ನೋಡಿದ್ದೇನೆ. ಅದು ಯಾವ ಬೇಲಿಯಲ್ಲಿತ್ತು ಎಂದು ನೋಡಿದ್ದೇನೆ. ಶೆಡ್ಡಿನಲ್ಲಿ ಸಿಕ್ಕ ವೈರನ್ನೂ ನೋಡಿದ್ದೇನೆ."

"ಅರಣ್ಯದವರು ಬರೆದ ಕಾಗದಕ್ಕೆ ಓದದೆ ಸಹಿ ಹಾಕಿದ್ದೀರಿ, ಅಲ್ವಾ?"

"ಓದಿಯೇ ಹಾಕಿದ್ದೇನೆ. ಉಗುರುಗಳನ್ನು ನಾನೇ ಎಣಿಸಿದ್ದೇನೆ."

ಅರಗು ಹಾಕಿದ ಆ ಬಟ್ಟೆಯ ಗಂಟನ್ನು ಬಿಚ್ಚಿ ತೋರಿಸಿದರು. ಚೀಟಿಯ ಮೇಲಿನ ಸಹಿ ನನ್ನದೇ ಎಂದು ಹೇಳಿದೆ. ಹುಡುಗನೂ ತನ್ನದು ತೋರಿಸಿದ. ಡೆಪ್ಯೂಟಿ ರೇಂಜರ್ ಅಷ್ಟರಲ್ಲಿ ಬೇರೆ ಕಡೆ ವರ್ಗವಾಗಿದ್ದರು. ಅವರ ವಿಚಾರಣೆ ಕೋರ್ಟಿನ ರಜೆ ಮುಗಿದ ಮೇಲೆ ಎಂದು ತಾರೀಕು ಕೊಟ್ಟಿದ್ದಾರೆ. ತೀರ್ಪು ಇನ್ನೂ ಬಂದಿಲ್ಲ.