ಟೊಳ್ಳು ಗಿಟಾರಿನ ಸೊಗಸು

ಜಾಝ್‌ಗೆ ಸಸ್ಟೇನ್ (ಮೀಟಿದ ಸ್ವರ ಉಳಿಯೋ ಹೊತ್ತು) ಕಮ್ಮಿ ಇರೋ ಗಿಟಾರೇ ಚೆಂದ ಅಂದ್ರೆ ರಾಕ್ ನುಡಿಸೋರು ನಗಬಹುದು. 1949ರಲ್ಲಿ ಬಂದ ಗಿಬ್ಸನ್ ಇಎಸ್-175 ಕೇಳಿ ನೋಡಿ. ಒಳಗೆ ಪೂರ್ತಿ ಟೊಳ್ಳು, ಮೇಲ್ಹಲಗೆ ಮೇಪಲ್ ಪ್ಲೈವುಡ್. ಮೀಟಿದ ತಕ್ಷಣ ಸ್ವರ ಗಟ್ಟಿಯಾಗಿ ಎದ್ದು ಬೇಗ ಇಳಿಯುತ್ತೆ. ಹಾಗಾಗಿ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸೋ ಸ್ವರಗುಚ್ಛಗಳನ್ನು) ಎಷ್ಟು ಬೇಗ ಬದಲಿಸಿದರೂ ಒಂದರ ಮೇಲೊಂದು ಕಲಸಿಹೋಗಲ್ಲ. ಜೋ ಪಾಸ್, ಜಿಮ್ ಹಾಲ್‌ರಂಥ ಜಾಝ್ ಗಿಟಾರ್ ವಾದಕರು ಇದನ್ನೇ ಹಿಡಿದದ್ದು ಸುಮ್ಮನೆ ಅಲ್ಲ.

ತಂತಿ ಮಾತ್ರ ಫ್ಲ್ಯಾಟ್‌ವೂಂಡ್ (ಚಪ್ಪಟೆ ಲೋಹದ ಪಟ್ಟಿ ಸುತ್ತಿದ ನುಣುಪು ತಂತಿ), 12ರ ಸೆಟ್ (ಅತಿ ತೆಳು ತಂತಿ 0.012 ಇಂಚು). ನೆಕ್ (ಗಿಟಾರಿನ ಕತ್ತು) ಪಕ್ಕದ ಪಿಕಪ್ (ತಂತಿಯ ಕಂಪನ ಹಿಡಿಯೋ ಸಾಧನ), ಸ್ವರದ ಚುರುಕು ತಗ್ಗಿಸೋ ಟೋನ್ ನಾಬ್ ಅರ್ಧಕ್ಕೆ. ಪೂರ್ತಿ ಇಳಿಸಿದರೆ ಕಂಬಳಿ ಹೊದ್ದ ಹಾಗೆ ಕೇಳುತ್ತೆ. ಅದನ್ನೇ ‘ಜಾಝ್ ಟೋನ್’ ಅಂದುಕೊಂಡವರು ಬಹಳ ಜನ!

ಕಾಟ ಕೊಡೋದು ಬ್ರಿಡ್ಜ್, ಅಂದ್ರೆ ತಂತಿಗಳನ್ನು ಎತ್ತಿ ಹಿಡಿಯೋ ಕುದುರೆ. ಅದಕ್ಕೆ ಮೊಳೆಯೂ ಇಲ್ಲ, ಅಂಟೂ ಇಲ್ಲ, ತಂತಿಯ ಒತ್ತಡದಲ್ಲೇ ನಿಂತಿರುತ್ತೆ. ಎಲ್ಲ ತಂತಿ ಒಟ್ಟಿಗೆ ಬಿಚ್ಚಿದರೆ ಜರುಗಿ ಶ್ರುತಿ ಕೆಡುತ್ತೆ, ಒಂದೊಂದಾಗಿ ಬದಲಿಸಿ. ಜರುಗಿದ್ದರೆ 12ನೇ ಫ್ರೆಟ್‌ನಲ್ಲಿ (ನೆಕ್ ಮೇಲಿನ ಲೋಹದ ಪಟ್ಟಿ) ಹಾರ್ಮೋನಿಕ್ ನುಡಿಸಿ, ಅಂದ್ರೆ ತಂತಿ ಒತ್ತದೆ ಬರೀ ಮುಟ್ಟಿ ಮೀಟಿ, ಆಮೇಲೆ ಅಲ್ಲೇ ಒತ್ತಿ ನುಡಿಸಿ. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜನ್ನು ಟೇಲ್‌ಪೀಸ್ (ತಂತಿಗಳ ಬುಡ ಸಿಕ್ಕಿಸೋ ಭಾಗ) ಕಡೆಗೆ ಕೂದಲೆಳೆಯಷ್ಟು ಸರಿಸಿ, ಇಳಿದಿದ್ದರೆ ನೆಕ್ ಕಡೆಗೆ.

ಇನ್ನು ಫೀಡ್‌ಬ್ಯಾಕ್. ಸ್ಪೀಕರಿನ ಸದ್ದಿಗೆ ಮೇಲ್ಹಲಗೆಯೇ ಅದುರಿ ‘ಊಂ’ ಅಂತ ಶುರುವಾಗುತ್ತೆ. ಆಂಪ್‌ನ (ಗಿಟಾರಿನ ಸದ್ದು ಹೆಚ್ಚಿಸೋ ಪೆಟ್ಟಿಗೆ) ಎದುರಿಗೆ ನಿಲ್ಲದೆ ಪಕ್ಕಕ್ಕೆ ಸರಿಯಿರಿ, ಬೇಸ್ ತಗ್ಗಿಸಿ, ಸಾಲದಿದ್ದರೆ ಮೇಲ್ಹಲಗೆಯ ‘f’ ಆಕಾರದ ಎಫ್-ತೂತುಗಳಿಗೆ ಫೋಮ್ ತುರುಕಿ. ನೋಡೋಕೆ ಅಸಹ್ಯ, ಕೆಲಸ ಮಾತ್ರ ಪಕ್ಕಾ. ಡ್ರಮ್ಸ್ ಜೋರಿರೋ ಬ್ಯಾಂಡಾದರೆ ನಡುವೆ ಮರದ ದಿಮ್ಮಿ ಇರೋ ಗಿಬ್ಸನ್‌ದೇ ಇಎಸ್-335 ವಾಸಿ, ಆದರೆ ಎದ್ದು ಬೇಗ ಇಳಿಯೋ ಸ್ವರದ ಆ ‘ಠಕ್’ ಅದರಲ್ಲಿ ಅಷ್ಟು ಸಿಗಲ್ಲ.