ಲೈಟ್ ಬಿಟ್ಟರೆ ಕ್ಯಾನ್ಸರ್ ಕಾಣ್ತದಾ?

"ಲೈಟ್ ಬಿಟ್ಟು ಪ್ರಾಸ್ಟೇಟ್ ಕ್ಯಾನ್ಸರ್ ಕಂಡುಹಿಡಿಯುವುದಂತೆ, ಹೌದಾ? ಹಾಗಾದ್ರೆ ಇನ್ನು ಸೂಜಿ ಬೇಡ ಅಲ್ವಾ?"

ಇಲ್ಲ. ಚೂರು ತೆಗೆದು ಪರೀಕ್ಷೆ ಮಾಡುವ ಸೂಜಿ ಬೇಕು. ಅವಸರ ಇರುವವರು ಇಲ್ಲಿಗೇ ಎದ್ದು ಹೋಗಬಹುದು.

ಉಡುಪಿ ಹತ್ತಿರದ ಒಂದು ಲ್ಯಾಬಿನಲ್ಲಿ ನನ್ನ ಕೆಲಸ. ಗಂಡಸರಿಗೆ ಮಾತ್ರ ಇರುವ ಪ್ರಾಸ್ಟೇಟ್ ಗ್ರಂಥಿಯ ಚೂರುಗಳ ಮೇಲೆ ಲೇಸರ್ ಹಾಯಿಸಿ ನೋಡುವುದು. "ಯಾರಾದ್ರೂ ಕೇಳಿದ್ರೆ ಫಿಸಿಕ್ಸ್ ಅಂತ ಹೇಳಿ ಸುಮ್ನಿರು" ಎಂದು ಅಮ್ಮ ಹೇಳಿಕೊಟ್ಟಿದ್ದಾರೆ. ಹುಡುಗಿಯೊಬ್ಬಳು ಪ್ರಾಸ್ಟೇಟ್ ಎಂದು ಬಾಯಿಬಿಟ್ಟು ಹೇಳಿದರೆ ಗಂಡಸರೆಲ್ಲ ಬಾಳೆಎಲೆ ನೋಡಲು ಶುರುಮಾಡುತ್ತಾರೆ. ಬರೀ 'ಲೈಟಿನ ಕೆಲಸ' ಎಂದರೂ ಕಷ್ಟವೇ. ಒಬ್ಬರು "ಮೆಸ್ಕಾಂನಲ್ಲಾ?" ಎಂದು ಕೇಳಿ, ಹೊಸ ಕನೆಕ್ಷನ್‌ಗೆ ಎಷ್ಟಾಗ್ತದೆ ಎಂದೂ ವಿಚಾರಿಸಿದ್ದರು.

ಕಳೆದ ವರ್ಷ ಬ್ರಹ್ಮಾವರದಲ್ಲಿ ಒಂದು ಉಪನಯನ. ಊಟದ ಪಂಕ್ತಿಯಲ್ಲಿ ಎದುರಿಗೆ ಮಾವ. ಬಲಗೈ ಮಟ್ಟುಗುಳ್ಳದ ಹುಳಿಯಲ್ಲಿ, ಎಡಗೈಯಲ್ಲಿ ಮೊಬೈಲ್. ಅದರ ಟಾರ್ಚ್ ಹೊತ್ತಿಸಿ, ಮೇಲೆ ಬೆರಳು ಮುಚ್ಚಿ ತೋರಿಸಿದರು. ಬೆರಳು ಕೆಂಪಗೆ ಹೊಳೆಯಿತು. "ನೋಡು, ಈಚೆ ಬಂತಲ್ಲ ಬೆಳಕು! ಹಾಗೇ ಕ್ಯಾನ್ಸರೂ ಕಾಣ್ಲಿಕ್ಕೆ ಎಂತ ದಾಡಿ?"

"ಎಲುಬು ಕಾಣ್ತದಾ ಮಾವ?"

ನೋಡಿದರು. ಕಾಣಲಿಲ್ಲ.

ಬಿಳಿ ಬೆಳಕಿನ ನೀಲಿ, ಹಸಿರನ್ನೆಲ್ಲ ರಕ್ತ ನುಂಗಿಬಿಡುತ್ತದೆ. ಉಳಿದ ಕೆಂಪು ಹೊರಗೆ ಬರುತ್ತದೆ, ಆದರೆ ನೆಟ್ಟಗೆ ಬರುವುದಿಲ್ಲ. ಆಗುಂಬೆ ಘಾಟಿಯ ಮಂಜಿನಲ್ಲಿ ಹೆಡ್‌ಲೈಟ್ ಹಾಕಿದ ಹಾಗೆ. ಎಲ್ಲ ಬೆಳ್ಳಗೆ ಕಾಣುತ್ತದೆ, ತಿರುವು ಮಾತ್ರ ಕಾಣುವುದಿಲ್ಲ. ಪ್ರಾಸ್ಟೇಟ್ ಇರುವುದು ಮೂತ್ರಕೋಶದ ಕೆಳಗೆ, ಸಿಪ್ಪೆ ಸಹಿತದ ಹಣ್ಣಡಿಕೆಯಷ್ಟು ದೊಡ್ಡದು. ಹೊಟ್ಟೆ ಮೇಲೆ ಟಾರ್ಚ್ ಹಿಡಿದರೆ ಅಲ್ಲಿಗೆ ಮುಟ್ಟುವುದಿಲ್ಲ. ಒಂದೋ ಕೂದಲಿನಂಥ ಫೈಬರ್ ಹಿಡಿದು ಬೆಳಕೇ ಒಳಗೆ ಹೋಗಬೇಕು, ಇಲ್ಲವೇ ಅದರ ಚೂರು ಹೊರಗೆ ಬರಬೇಕು. ಚೂರು ತೆಗೆಯುವುದು ಸೂಜಿಯಲ್ಲಿ. ಸಾಮಾನ್ಯವಾಗಿ 10-12 ಎಳೆ, ಒಂದೊಂದೂ ಶ್ಯಾವಿಗೆಯ ತುಂಡಿನ ಹಾಗೆ.

ಇದನ್ನು ಪಂಕ್ತಿಯಲ್ಲಿ ಹೇಳಬಾರದಿತ್ತು. ಆಗಷ್ಟೇ ಶ್ಯಾವಿಗೆ ಪಾಯಸ ಬಡಿಸಿಕೊಂಡು ಬರುತ್ತಿದ್ದರು.

ಮಾವ ಪಾಯಸ ಬೇಡ ಎಂದರು. ನಾನು ನಿಲ್ಲಿಸಲಿಲ್ಲ. ಆ ಚೂರಿಗೆ ಲೇಸರ್ ಹಾಯಿಸಿ ನಾವು ನೋಡುವುದು ಸಿ.ವಿ. ರಾಮನ್ 1928ರಲ್ಲಿ ಕಲ್ಕತ್ತಾದಲ್ಲಿ ಕಂಡದ್ದನ್ನೇ ಎಂದೆ. ವಸ್ತುವಿಗೆ ಬಡಿದು ಚೆದುರುವ ಬೆಳಕಿನಲ್ಲಿ ಹೆಚ್ಚುಕಡಿಮೆ ಕೋಟಿಗೊಂದು ಕಣ ಬಣ್ಣ ಬದಲಿಸಿಕೊಂಡು ಬರುತ್ತದೆ. ಎಷ್ಟು ಬದಲಾಯಿತು ಎನ್ನುವುದರಲ್ಲಿ ಅಲ್ಲಿರುವ ಅಣುಗಳ ಗುರುತು ಇರುತ್ತದೆ. ಕ್ಯಾನ್ಸರ್ ಆದ ಕಡೆ ಪ್ರೋಟೀನ್, ಕೊಬ್ಬು, ಡಿಎನ್ಎ ಇವುಗಳ ಲೆಕ್ಕ ಬೇರೆ ಆಗಿರುತ್ತದೆ. ನಾವು ಹುಡುಕುವುದು ಆ ವ್ಯತ್ಯಾಸವನ್ನು.

ಕೋಟಿಗೊಂದು ಎಂದರೆ ಎಷ್ಟು ಕಾಟ ಅಂತ ನೋಡಿ. ಮಾಮೂಲಿ ಗಾಜಿನ ಮೇಲೆ ಚೂರು ಇಟ್ಟರೆ ಗಾಜೇ ಮಿನುಗುತ್ತದೆ. ಅದಕ್ಕೇ ಕ್ಯಾಲ್ಸಿಯಂ ಫ್ಲೋರೈಡಿನ ಬಿಲ್ಲೆ ಬೇಕು. ನಮ್ಮ ಲೇಸರ್ 785 ನ್ಯಾನೋಮೀಟರಿನದು, ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ರೂಮಿನ ಲೈಟೆಲ್ಲ ಆರಿಸಿ ಕೂರಬೇಕು. ಒಮ್ಮೆ ಗ್ರಾಫಿನಲ್ಲಿ ಚೂಪಾದ ಒಂದು ಗೆರೆ ಎದ್ದಿತು. ಇಡೀ ಮಧ್ಯಾಹ್ನ ಹಿಗ್ಗಿದೆ. ಕೊನೆಗೆ ನೋಡಿದರೆ ಅದು ಬಾಗಿಲ ಸಂದಿಯಿಂದ ನುಸುಳಿದ ವರಾಂಡದ ಟ್ಯೂಬ್‌ಲೈಟು.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ. ಇದು ಕ್ಯಾನ್ಸರ್, ಇದು ಅಲ್ಲ ಅಂತ ನಮ್ಮ ಕಂಪ್ಯೂಟರಿಗೆ ಪಾಠ ಹೇಳಿದ್ದು ಯಾರು? ಅದೇ ಎಳೆಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ ಪೆಥಾಲಜಿಸ್ಟ್. ಮಗ್ಗಿ ಹೇಳಿಕೊಟ್ಟ ಮೇಷ್ಟ್ರನ್ನು ಮನೆಗೆ ಕಳಿಸುವಷ್ಟು ನಮ್ಮ ಶಿಷ್ಯ ಬೆಳೆದಿಲ್ಲ. ಹಾಗಂತ ಕೆಲಸ ದಂಡ ಅಲ್ಲ. ಆಪರೇಷನ್ ನಡೆಯುತ್ತಿರುವಾಗಲೇ ಕೊಯ್ದ ಜಾಗದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯಾ ಎಂದು ಬೆಳಕು ಹೇಳುವಂತಾದರೆ ಅದು ದೊಡ್ಡ ವಿಷಯ. ನಾವು ಹೊರಟಿರುವುದು ಅಂಥ ಕಡೆಗೆ. ನಿಮಗೆ ಸೂಜಿ ತಪ್ಪಿಸುವುದಕ್ಕಲ್ಲ.

ಊಟ ಮುಗಿಸಿ ಕೈ ತೊಳೆಯುವಲ್ಲಿ ಅತ್ತೆ ಹಿಂದೆ ಬಂದು ನಿಂತರು. ನಲ್ಲಿ ಜೋರು ಮಾಡಿ, ಸಣ್ಣ ಸ್ವರದಲ್ಲಿ, "ಇವರು ರಾತ್ರಿ ನಾಲ್ಕು ಸಲ ಒಂದಕ್ಕೆ ಏಳ್ತಾರೆ ಮಾರಾಯ್ತಿ. ಅದಕ್ಕೇ ಅವರು ಕೇಳಿದ್ದು. ಯಾರಿಗೆ ತೋರಿಸುವುದು?"

ಇಷ್ಟೇ ಅಲ್ವಾ ಕೇಳಬೇಕಾಗಿದ್ದು! ಇದನ್ನು ಬಿಟ್ಟು ನನ್ನಿಂದ ರಾಮನ್ ಪಾಠ ಮಾಡಿಸಿದರು.

ಯೂರಾಲಜಿಸ್ಟ್, ಅಂದರೆ ಮೂತ್ರದ ತೊಂದರೆ ನೋಡುವ ಡಾಕ್ಟರ ಹತ್ತಿರ ಹೋಗಿ ಎಂದೆ. ವಯಸ್ಸಾದ ಮೇಲೆ ಪ್ರಾಸ್ಟೇಟ್ ಊದಿಕೊಳ್ಳುವುದು ಮಾಮೂಲು, ರಾತ್ರಿ ಏಳುವುದಕ್ಕೆ ಹೆಚ್ಚಾಗಿ ಅದೋ ಬೇರೇನೋ ಕಾರಣ ಇರುತ್ತದೆ, ಕ್ಯಾನ್ಸರೇ ಆಗಬೇಕೆಂದಿಲ್ಲ. ಹಾಗೇ, ಶುರುವಿನಲ್ಲಿ ಕ್ಯಾನ್ಸರ್ ಏನೂ ತೊಂದರೆ ಕೊಡದೆ ಇರುವುದೂ ಉಂಟು. ಪಿಎಸ್ಎ ಎಂಬ ರಕ್ತ ಪರೀಕ್ಷೆ ಮಾಡುತ್ತಾರೆ. ಬರೀ ಊತಕ್ಕೂ, ಸೋಂಕಿಗೂ ಆ ನಂಬರು ಏರುತ್ತದೆ, ಅದೊಂದನ್ನೇ ನೋಡಿ ಹೆದರುವುದು ಬೇಡ. ಡಾಕ್ಟರು ಗುದದ್ವಾರದ ಮೂಲಕ ಬೆರಳು ಹಾಕಿಯೂ ನೋಡಬಹುದು, ಒಂದು ನಿಮಿಷದ ಕೆಲಸ. ಸಂಶಯ ಇದ್ದರೆ ಎಂಆರ್‌ಐ, ಆಮೇಲೆ ಬೇಕಾದರೆ ಸೂಜಿ.

"ಬೆರಳಾ?" ಎಂದು ಅತ್ತೆ ಸೆರಗಿನಲ್ಲಿ ನಗು ಮುಚ್ಚಿಕೊಂಡರು. "ಅದನ್ನು ಮಾತ್ರ ನಾನು ಹೇಳುವುದಿಲ್ಲ."

ಎರಡು ತಿಂಗಳು ಸತಾಯಿಸಿ ಮಾವ ಹೋದರು. ಊತ ಅಷ್ಟೇ, ಮಾತ್ರೆ ಕೊಟ್ಟಿದ್ದಾರೆ. ಈಗ ರಾತ್ರಿ ಒಂದು ಸಲ ಏಳುತ್ತಾರಂತೆ. ಮೊನ್ನೆ ಫೋನ್ ಮಾಡಿದ್ದರು.

"ಎಂತ, ನಿನ್ನ ಟಾರ್ಚ್ ರೆಡಿ ಆಯ್ತಾ?"