ಅಜ್ಜನ ಹೆಸರಿನ ಪಹಣಿ

2023ರ ಮುಂಗಾರಿನಲ್ಲಿ ಚಳ್ಳಕೆರೆ ಸೀಮೆಯ ನಮ್ಮ ಮೂರು ಎಕರೆಗೆ ಅಪ್ಪ ಶೇಂಗಾ ಹಾಕಿದ್ದರು. ಆಗಸ್ಟಿನಲ್ಲಿ ಮಳೆ ಪೂರ್ತಿ ಕೈಕೊಟ್ಟಿತು. ಬಳ್ಳಿ ಕಿತ್ತರೆ ಬರೀ ಬೇರು, ಎಲ್ಲೋ ಒಂದೆರಡು ಜೊಳ್ಳು ಕಾಯಿ. ಕೊನೆಗೆ ದನ ಬಿಟ್ಟೆವು.

ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಬೆಳೆ ಪರಿಹಾರದ ಮೊದಲ ಕಂತಾಗಿ ರಾಜ್ಯ ಸರ್ಕಾರ ರೈತರಿಗೆ 2,000 ರೂಪಾಯಿವರೆಗೆ ಕೊಟ್ಟಿತು. ಕೇಂದ್ರದ ಹಣ, ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, 2024ರ ಬೇಸಿಗೆಯಲ್ಲಿ ಬಂತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ಅದೂ ಎರಡು ಹೆಕ್ಟೇರ್‌ವರೆಗೆ ಮಾತ್ರ. ಎಕರೆಗೆ 3,400ರ ಆಸುಪಾಸು. ನಮ್ಮ ಬೀಜದ ಸಾಲವೂ ಅದರಲ್ಲಿ ತೀರುತ್ತಿರಲಿಲ್ಲ.

ಪಕ್ಕದ ಹೊಲದವರ ಮೊಬೈಲಿಗೆ ಮೆಸೇಜು ಬಂತು, ನಮಗೆ ಬರಲಿಲ್ಲ. ಪಹಣಿ, ಅಂದರೆ ಹೊಲದ ದಾಖಲೆ, ಇನ್ನೂ ಅಜ್ಜನ ಹೆಸರಲ್ಲಿತ್ತು. ಅಜ್ಜ ತೀರಿಕೊಂಡು ಹನ್ನೊಂದು ವರ್ಷ. ಪಹಣಿ, ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ), ಆಧಾರ್, ಬ್ಯಾಂಕ್ ಖಾತೆ ಎಲ್ಲ ಒಂದಕ್ಕೊಂದು ಹೊಂದಿದರೇನೇ ಹಣ. ಬಿತ್ತಿದ್ದು ಅಪ್ಪ ಅಂತ ಊರಿಗೆಲ್ಲ ಗೊತ್ತಿತ್ತು, ದಾಖಲೆಯಲ್ಲಿ ಮಾತ್ರ ಅವರು ಇರಲೇ ಇಲ್ಲ. ನನಗೆ ಈಗಲೂ ಸಂಕಟವಾಗುತ್ತದೆ. ಓದುತ್ತಿರುವವರು ಮನೆಯ ಪಹಣಿ ಒಮ್ಮೆ ತೆಗೆಸಿ ನೋಡಿ, ದಯವಿಟ್ಟು.

ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷ ಹುಡುಕಿ ಮಾಡಿಸಿದೆವು. ಒಪ್ಪಿಗೆ ಕೊಡಲು ಅತ್ತೆ ಹರಿಹರದಿಂದ ಬಸ್ಸಿನಲ್ಲಿ ಬಂದು ಹೆಬ್ಬೆಟ್ಟು ಒತ್ತಿದರು. "ನಿನ್ ಹೊಲ ಕಣಪ್ಪ, ನೀನೇ ಗೇದಿರೋದು" ಅಂದರು. ಅಪ್ಪ ಮುಖ ಆಚೆ ತಿರುಗಿಸಿಕೊಂಡರು.

ಆ ವರ್ಷದ ಹಣ ನಮಗೆ ಸಿಗಲಿಲ್ಲ. ಪಹಣಿಯಲ್ಲಿ ಈಗ ಅಪ್ಪನ ಹೆಸರಿದೆ. ಮೊನ್ನೆ ಮತ್ತೆ ಶೇಂಗಾ ಬೀಜ ತಂದಿದ್ದಾರೆ.